ಬಸವನಗುಡಿಯ ಮುಂದಿನ ರಸ್ತೆ, ಹಿಂದಿನ ಓಣಿ

ನಮ್ಮ ಓದು ಬಳಗ ಬರುವ ತಿಂಗಳ ಗೋಷ್ಠಿಗೆ ಆರಿಸಿಕೊಂಡಿರುವ ವಿಷಯ ವಿಶ್ವಪೌರತ್ವದ ನೀತಿ. ಹುಟ್ಟಿದ ಜಾತಿ, ಆಡುವ ಭಾಷೆ, ಬಾಳುವ ದೇಶ ಇವೆಲ್ಲವನ್ನೂ ದಾಟಿ ಎಲ್ಲ ಮನುಷ್ಯರ ಋಣ ನಮ್ಮ ಮೇಲಿದೆ ಎನ್ನುವುದಾದರೆ ಆ ಋಣ ಎಷ್ಟು? ಅದನ್ನು ತೀರಿಸುವ ಬಗೆ ಯಾವುದು? ಮನೆಯವರಿಗೆ, ನೆರೆಯವರಿಗೆ ಸಲ್ಲಬೇಕಾದ್ದನ್ನು ಕಡಿತ ಮಾಡಿ ದೂರದವರಿಗೆ ಸಲ್ಲಿಸಬೇಕೆ? ಇಂಥ ಪ್ರಶ್ನೆಗಳು. ಗೋಷ್ಠಿಯನ್ನು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಳಗದ ಕಿರಿಯರು ಗ್ರೀಸಿನ ಡಯೋಜಿನಿಸ್‌ನಿಂದಲೋ ಜರ್ಮನಿಯ ಕ್ಯಾಂಟ್‌ನಿಂದಲೋ ಶುರುಮಾಡೋಣ ಎಂದರು. ಅವರಿಬ್ಬರೂ ಬರಲಿ. ಆದರೆ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾದ ನನಗೆ ಯಾವ ವಿಚಾರವೂ ಅದು ಓಡಾಡಿದ ಬೀದಿಯ ಹೆಸರಿಲ್ಲದೆ ಮನಸ್ಸಿಗೆ ಇಳಿಯುವುದಿಲ್ಲ. ನಾವು ಕೂತು ಮಾತಾಡುವ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಲೋಕದ ವಿಚಾರವನ್ನು ಹತ್ತು ಜನ ಕೂಡಿ ಓದಿ ಚರ್ಚಿಸಲೆಂದೇ ಕಟ್ಟಿದ ಎರಡು ಸಂಸ್ಥೆಗಳಿವೆ. ಎರಡೂ 1945ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದವು. ಅವುಗಳ ಬೇರು ಹುಡುಕುತ್ತ ಹೊರಟರೆ ಲಂಡನ್ನು, ಮದರಾಸು, ಮೈಸೂರು ಎಲ್ಲವೂ ಸಿಗುತ್ತವೆ. ಗೋಷ್ಠಿಗೆ ಬರುವವರು ಮೊದಲು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

1911ರ ಜುಲೈ ಕೊನೆಯ ವಾರ ಲಂಡನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಿನ ವಿಶ್ವ ಜನಾಂಗಗಳ ಸಮ್ಮೇಳನ ನಡೆಯಿತು. ಬಿಳಿಯರು ಮೇಲು, ಉಳಿದವರು ಕೀಳು ಎಂಬ ಮಾತು ವಿಜ್ಞಾನದ ವೇಷ ತೊಟ್ಟು ಮೆರೆಯುತ್ತಿದ್ದ ಕಾಲ ಅದು. ಆ ಮಾತನ್ನು ಪಂಡಿತರ ಎದುರಿಗೇ ಪರೀಕ್ಷೆಗೆ ಒಡ್ಡುವುದು ಸಮ್ಮೇಳನದ ಉದ್ದೇಶ. ಅಮೆರಿಕದ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬೋಯಿಸ್ ಬಂದಿದ್ದರು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಪ್ರಬಂಧ ಬರೆದಿದ್ದರು. ಅಂದಿನ ಪ್ರಬಂಧಗಳ ಸಂಪುಟದಲ್ಲಿ ಮೊಟ್ಟಮೊದಲನೆಯದು ಬಂಗಾಳದ ಬ್ರಜೇಂದ್ರನಾಥ ಶೀಲರದು: ಜನಾಂಗ, ಬುಡಕಟ್ಟು, ರಾಷ್ಟ್ರ ಎಂದರೇನು ಎಂಬ ವಿಚಾರ. ಜನಾಂಗಗಳು ಒಮ್ಮೆ ಅಚ್ಚೊತ್ತಿ ಮುಗಿದವಲ್ಲ, ಕಾಲಕ್ಕೆ ತಕ್ಕಂತೆ ಮಾರ್ಪಡುವಂಥವು ಎಂದು ಅವರು ವಾದಿಸಿದರು. ಅದೇ ಸಂಪುಟದಲ್ಲಿ ಗೋಪಾಲಕೃಷ್ಣ ಗೋಖಲೆಯವರ ಪ್ರಬಂಧವೂ ಇದೆ. ಭಾರತದಲ್ಲಿ ಪೂರ್ವ ಪಶ್ಚಿಮಗಳು ಎದುರುಬದುರಾದ ಬಗೆಯನ್ನು ಕುರಿತದ್ದು. ಆಳುವವನು, ಆಳಿಸಿಕೊಳ್ಳುವವನು ಎಂಬ ಏರುಪೇರು ಇರುವಷ್ಟು ಕಾಲ ಸೌಹಾರ್ದ ಬೇರೂರದು ಎನ್ನುವುದು ಅದರ ಒಳತಿರುಳು.

ಈ ಇಬ್ಬರ ಹೆಸರೂ ಕರ್ನಾಟಕಕ್ಕೆ ಬಂದು ಸೇರಿದ ಕಥೆಯೇ ನನಗೆ ಬೇಕಾದ್ದು.

ಶೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ವಿಶ್ವಭಾರತಿ ವಿಧ್ಯುಕ್ತವಾಗಿ ಆರಂಭವಾದಾಗ ಸಭೆಯ ಅಧ್ಯಕ್ಷರೂ ಅವರೇ. 1930ರವರೆಗೆ ಮೈಸೂರಿನಲ್ಲಿದ್ದರು, ಸಂಸ್ಥಾನದ ರಾಜ್ಯಾಂಗ ಸುಧಾರಣಾ ಸಮಿತಿಗೂ ಅಧ್ಯಕ್ಷರಾಗಿದ್ದರು. 1928ರಲ್ಲಿ ರವೀಂದ್ರನಾಥ ಠಾಕೂರರು ಬೆಂಗಳೂರಿನ ಬಾಲಬ್ರೂಯಿಯಲ್ಲಿ ಉಳಿದು 'ಶೇಷೇರ್ ಕವಿತಾ' ಕಾದಂಬರಿಯನ್ನು ಬರೆದು ಮುಗಿಸಿದಾಗ ಶೀಲರ ಅತಿಥಿಯಾಗಿದ್ದರು. ಆ ದಶಕದ ಮೈಸೂರನ್ನು ನೆನೆದರೆ ನನಗೆ ಈಗಲೂ ಹೆಮ್ಮೆ. ಮಹಾರಾಜಾ ಕಾಲೇಜಿನಲ್ಲಿ ಹಿರಿಯಣ್ಣನವರು ಸಂಸ್ಕೃತ ಹೇಳುತ್ತಿದ್ದರು, ಪಾರಸಿಯಾದ ಎ.ಆರ್. ವಾಡಿಯಾ ತತ್ತ್ವಶಾಸ್ತ್ರ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಪದ್ಯ ಕಟ್ಟುತ್ತಿದ್ದ ಯುವಕ ಪುಟ್ಟಪ್ಪನವರಿಗೆ ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ತಿಳಿಹೇಳಿದವರು ಜೇಮ್ಸ್ ಕಸಿನ್ಸ್, ಐರ್ಲೆಂಡಿನವರು. ಮುಂದೆ ವಿಶ್ವಮಾನವ ಸಂದೇಶ ಕೊಟ್ಟ ಕವಿ ಕನ್ನಡಕ್ಕೆ ತಿರುಗಿದ್ದು ಹೊರನಾಡಿನವರೊಬ್ಬರ ಮಾತಿನಿಂದ. ಲೋಕವನ್ನು ಪ್ರೀತಿಸುವವರು ತಾಯ್ನುಡಿಯಿಂದ ದೂರ ಸರಿಯಬೇಕು ಎಂದು ವಾದಿಸುವವರು ಗೋಷ್ಠಿಯಲ್ಲಿ ಎದ್ದರೆ ಈ ಒಂದು ಸಂಗತಿಯನ್ನು ಮುಂದಿಡುತ್ತೇನೆ.

ಗೋಖಲೆಯವರ ಹೆಸರು ಬಂದದ್ದು ಇನ್ನೊಂದು ದಾರಿಯಲ್ಲಿ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ. ಪತ್ರಿಕೆಯ ಕಸುಬಿಗೆ ಇಳಿದು 1913ರಲ್ಲಿ ಇಂಗ್ಲಿಷಿನಲ್ಲಿ 'ಕರ್ನಾಟಕ' ಪತ್ರಿಕೆ ಹೊರಡಿಸಿದರು. ದೇಶೀ ಸಂಸ್ಥಾನಗಳ ಪ್ರಜೆಗಳಿಗೆ ನಾಳಿನ ಭಾರತದಲ್ಲಿ ಏನು ಸ್ಥಾನ ಎಂದು ದಶಕಗಟ್ಟಲೆ ಬರೆದರು. ಗೋಖಲೆಯವರನ್ನು ಸಾರ್ವಜನಿಕ ಜೀವನದ ಗುರುವೆಂದು ಬಗೆದು ಕನ್ನಡದಲ್ಲಿ ಅವರ ಚರಿತ್ರೆ ಬರೆದರು. 1945ರ ಫೆಬ್ರವರಿಯಲ್ಲಿ ಅವರ ಕೈಯಿಂದಲೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿತು. ಬುಲ್ ಟೆಂಪಲ್ ರಸ್ತೆಯಲ್ಲಿ ಅದು ಇಂದಿಗೂ ಇದೆ.

ಆ ಸಂಸ್ಥೆಯ ಜೀವಾಳ ಅಧ್ಯಯನ ಗೋಷ್ಠಿ. ಒಂದು ಗ್ರಂಥವನ್ನು ಹಿಡಿದು, ಭಾಗ ಭಾಗವಾಗಿ ಓದಿ, ಅರ್ಥ ಬಿಡಿಸಿ, ಕೇಳಿದವರಿಗೆ ಉತ್ತರ ಹೇಳುತ್ತ ವಾರ ವಾರ ಮುಂದೆ ಸಾಗುವುದು. ಊರ ಚಾವಡಿಯಲ್ಲಿ ಕುಮಾರವ್ಯಾಸ ಭಾರತವನ್ನು ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದ ರೂಢಿ ಕನ್ನಡಿಗರಿಗೆ ಹೊಸದೇನೂ ಆಗಿರಲಿಲ್ಲ. ಡಿವಿಜಿ ಆ ರೂಢಿಯನ್ನು ಪಟ್ಟಣದ ಸಭೆಗೆ ತಂದು, ಕೇಳುವವರಿಗೆ ಎದುರು ಪ್ರಶ್ನೆ ಹಾಕುವ ಹಕ್ಕು ಕೊಟ್ಟರು ಎಂದು ನಾನು ತಿಳಿದಿದ್ದೇನೆ. 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ಅವರ ಗೀತಾ ತಾತ್ಪರ್ಯ 'ಜೀವನಧರ್ಮಯೋಗ' ಇಂಥ ಗೋಷ್ಠಿಯ ಮಾತುಗಳಿಂದಲೇ ರೂಪುಗೊಂಡದ್ದು. ಉಮರ್ ಖಯ್ಯಾಮನನ್ನು 'ಉಮರನ ಒಸಗೆ'ಯಾಗಿ, ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನೂ ಕನ್ನಡಕ್ಕೆ ತಂದವರ ಬಾಯಲ್ಲಿ ಗೀತೆ ಕೇಳುವುದೆಂದರೆ ಅದೊಂದು ಬೇರೆಯೇ ಅನುಭವವಾಗಿದ್ದಿರಬೇಕು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ನಾಡಿನವರು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಈ ಸಂಸ್ಥೆಗೇ ಕೊಟ್ಟುಬಿಟ್ಟರು.

ಎರಡನೆಯ ಸಂಸ್ಥೆ ಹುಟ್ಟಿದ ತಾರೀಖನ್ನು ಬಳಗದವರು ಗಮನಿಸಬೇಕು. 1945ರ ಆಗಸ್ಟ್ 11. ಹಿರೋಶಿಮಾದ ಮೇಲೆ ಬಾಂಬು ಬಿದ್ದು ಐದು ದಿನ, ನಾಗಸಾಕಿಯ ಮೇಲೆ ಬಿದ್ದು ಎರಡು ದಿನ. ಬಸವನಗುಡಿಯಲ್ಲಿ ಅಂದು ಆರಂಭವಾದದ್ದು ಭಾರತೀಯ ಸಂಸ್ಕೃತಿ ಸಂಸ್ಥೆ. ಮುಂದೆ ಅದರ ಹೆಸರಿಗೆ ವಿಶ್ವ ಎಂಬುದೂ ಸೇರಿತು. ಬೆಂಗಳೂರಿನವರು ವರ್ಲ್ಡ್ ಕಲ್ಚರ್ ಎಂದೇ ಕರೆಯುವುದು. ಕಟ್ಟಿದವರು ಬಹಮನ್ ಪೆಸ್ತೊಂಜಿ ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ.

ಬಿ.ಪಿ. ವಾಡಿಯಾ ರಸ್ತೆ ಎಂದು ನಾವು ದಿನವೂ ಹೇಳುತ್ತೇವೆ. ಆ ಮನುಷ್ಯನ ಹಿಂದಿನ ಕಥೆ ಬಸವನಗುಡಿಯಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಗೋಷ್ಠಿಯ ಮುಖ್ಯ ಭಾಗವಾಗಿ ನಾನು ಇಟ್ಟುಕೊಂಡಿರುವುದು ಅದನ್ನೇ.

1881ರಲ್ಲಿ ಮುಂಬಯಿಯ ಪಾರಸಿ ಮನೆತನದಲ್ಲಿ ಹುಟ್ಟಿದ ವಾಡಿಯಾ ಥಿಯಾಸಫಿಗೆ ಒಲಿದು ಮದರಾಸಿನ ಅಡ್ಯಾರಿಗೆ ಬಂದರು, ಆನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ದುಡಿದರು. ಹೋಂ ರೂಲ್ ಚಳವಳಿ ಬಿಸಿಯೇರಿದಾಗ, 1917ರ ಜೂನಿನಲ್ಲಿ, ಬೆಸೆಂಟ್, ಜಾರ್ಜ್ ಅರುಂಡೇಲ್ ಅವರ ಜೊತೆ ವಾಡಿಯಾರನ್ನೂ ಸರ್ಕಾರ ಊಟಿಯಲ್ಲಿ ಬಂಧನದಲ್ಲಿಟ್ಟಿತು. ಜನಾಂಗ, ಮತ, ಲಿಂಗ, ಜಾತಿ, ಬಣ್ಣದ ಭೇದವಿಲ್ಲದ ಮಾನವ ಸೋದರತೆ ಥಿಯಾಸಫಿಯ ಮೊದಲ ಗುರಿ. ಗುರಿ ದೊಡ್ಡದೇ. ಆದರೆ ಅದನ್ನು ಒರೆಗೆ ಹಚ್ಚುವ ದಿನ ವಾಡಿಯಾರಿಗೆ ಬಂದದ್ದು ಪೆರಂಬೂರಿನಲ್ಲಿ.

ಪೆರಂಬೂರಿನಲ್ಲಿ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳಿದ್ದವು. ಹತ್ತಿರದಲ್ಲೇ ವೆಂಕಟೇಶ ಗುಣಾಮೃತ ವರ್ಷಿಣಿ ಸಭಾ ಎಂಬೊಂದು ಭಜನೆ, ಪ್ರವಚನಗಳ ಕೂಟ. ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯ್ಡು ಅದನ್ನು ನಡೆಸುತ್ತಿದ್ದರು. ಸಭೆಗೆ ಬರುತ್ತಿದ್ದವರಲ್ಲಿ ಮಿಲ್ಲಿನ ಕೂಲಿಗಳೂ ಇದ್ದರು. ಅವರ ದೊಡ್ಡ ದೂರು ಮಧ್ಯಾಹ್ನದ ಊಟದ ಬಿಡುವು. ಸಿಗುತ್ತಿದ್ದದ್ದು ಅರ್ಧ ಗಂಟೆ. ಸಾವಿರಾರು ಜನ ಒಮ್ಮೆಗೇ ಹೊರಗೆ ಬಂದು, ಕೈತೊಳೆದು, ಬುತ್ತಿ ಬಿಚ್ಚಿ, ಉಂಡು, ಗೇಟು ಮುಚ್ಚುವುದರೊಳಗೆ ಒಳಗೆ ಸೇರಬೇಕು. ತಡವಾದರೆ ಕೂಲಿಗೆ ಕತ್ತರಿ. ಇದನ್ನು ಹೊತ್ತುಕೊಂಡು ಆ ಇಬ್ಬರು ವಾಡಿಯಾರ ಬಳಿ ಬಂದರು. 1918ರ ಏಪ್ರಿಲ್ 27ರಂದು ಮದರಾಸು ಕಾರ್ಮಿಕ ಸಂಘ ಹುಟ್ಟಿತು. ಭಾರತದಲ್ಲಿ ವ್ಯವಸ್ಥಿತವಾಗಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಅದನ್ನು ಎಣಿಸುತ್ತಾರೆ. ವಾಡಿಯಾ ಅದರ ಅಧ್ಯಕ್ಷರು.

ವಾಡಿಯಾರಿಗೆ ತಮಿಳು ಬರುತ್ತಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ತಿರು.ವಿ.ಕ. ಎಂದು ಹೆಸರಾದ ವಿ. ಕಲ್ಯಾಣಸುಂದರಂ ಅದನ್ನು ತಮಿಳಿನಲ್ಲಿ ಹೇಳುತ್ತಿದ್ದರು. ಮಣ್ಣಿನ ನೆಲದ ಮೇಲೆ ಕೂತ ಕೂಲಿಯಾಳುಗಳ ಎದುರಿಗೆ ಒಬ್ಬ ಪಾರಸಿ, ಅವನ ಮಾತನ್ನು ಎತ್ತಿ ಹೇಳುವ ತಮಿಳು ವಿದ್ವಾಂಸ, ಮಾತಿನ ವಸ್ತು ಊಟದ ಬಿಡುವು. ಕಾರ್ಮಿಕ ಚರಿತ್ರೆಯ ಪುಸ್ತಕಗಳಲ್ಲಿ ಈ ಭಾಗಕ್ಕೆ ಬಂದಾಗಲೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ. ಯಾರ ಹೊಟ್ಟೆಯ ಪ್ರಶ್ನೆಯೋ ಅವರ ನುಡಿ ಗೊತ್ತಿಲ್ಲದಿದ್ದರೂ ವಾಡಿಯಾ ಹಿಂದೆ ಸರಿಯಲಿಲ್ಲ, ಮಾತು ಮುಟ್ಟಿಸುವವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡರು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಮೊದಲ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಸೇರಿದಾಗ ಭಾರತದ ಕಾರ್ಮಿಕ ಪ್ರತಿನಿಧಿ ಎನ್.ಎಂ. ಜೋಶಿಯವರ ಸಲಹೆಗಾರರಾಗಿ ಅವರು ಹೋದರು. ಪೆರಂಬೂರಿನ ಊಟದ ಬಿಡುವಿನಿಂದ ಜಗತ್ತಿನ ಸಭೆಗೆ ಒಂದೂವರೆ ವರ್ಷದ ದಾರಿ. ಬಿನ್ನಿ ಕಂಪನಿ ಅವರ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿತು. ಕಾರ್ಮಿಕ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂಬ ಕೂಗು ಆ ಪ್ರಕರಣದಿಂದ ಬಲವಾಯಿತು. ಅದು 1926ರ ಟ್ರೇಡ್ ಯೂನಿಯನ್ ಕಾಯಿದೆಯಲ್ಲಿ ಫಲಿಸಿತು.

1922ರಲ್ಲಿ ವಾಡಿಯಾ ಅಡ್ಯಾರಿನ ಸೊಸೈಟಿಯನ್ನು ಬಿಟ್ಟು ಥಿಯಾಸಫಿಯ ಇನ್ನೊಂದು ಕವಲಾದ ಯುನೈಟೆಡ್ ಲಾಡ್ಜ್ ಸೇರಿದರು. ಆ ಕವಲಿನ ಒಳಜಗಳಗಳ ವಿವರ ಇಲ್ಲಿ ಬೇಡ. ಕೊಲಂಬಿಯಾದಲ್ಲಿ ಹುಟ್ಟಿದ ಸೋಫಿಯಾ ಕಮಾಚೊ ಅವರನ್ನು 1928ರಲ್ಲಿ ಮದುವೆಯಾದರು. ಈ ಸೋಫಿಯಾ ಸೀರೆಯುಟ್ಟು ಭಾರತದವರೇ ಆದರು. 1930ರ ಜನವರಿಯಿಂದ ಹೊರಟ 'ಆರ್ಯನ್ ಪಾತ್' ಮಾಸಪತ್ರಿಕೆಯ ಸಂಪಾದಕಿ. 1933ರಲ್ಲಿ ಲೇಖಕರ ಅಂತಾರಾಷ್ಟ್ರೀಯ ಕೂಟವಾದ ಪೆನ್‌ನ ಭಾರತ ಶಾಖೆಯನ್ನು ಮುಂಬಯಿಯಲ್ಲಿ ಆರಂಭಿಸಿದವರೂ ಅವರೇ. ಭಾರತದ ಒಂದೊಂದು ಭಾಷೆಯ ಲೇಖಕರನ್ನೂ ಒಂದೇ ಚಾವಣಿಯ ಕೆಳಗೆ ಕೂಡಿಸುವ ಕೆಲಸ ದಕ್ಷಿಣ ಅಮೆರಿಕದಿಂದ ಬಂದ ಹೆಣ್ಣುಮಗಳ ಕೈಯಲ್ಲಿ ನಡೆಯಿತು.

'ಆರ್ಯನ್ ಪಾತ್' ಮಾಡಿದ ಒಂದು ಕೆಲಸವನ್ನಂತೂ ಎಲ್ಲ ಓದು ಬಳಗಗಳೂ ಮಾದರಿಯಾಗಿ ಇಟ್ಟುಕೊಳ್ಳಬೇಕು. 1938ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯ 'ಹಿಂದ್ ಸ್ವರಾಜ್' ಪುಸ್ತಕದ ಮೇಲೆ ವಿಶೇಷ ಸಂಚಿಕೆ ತಂದರು. ಬರೆದವರು ಬಹುತೇಕ ಇಂಗ್ಲೆಂಡಿನವರು: ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ, ಸಮಾಜವಾದಿ ಜಿ.ಡಿ.ಎಚ್. ಕೋಲ್, ವಿಮರ್ಶಕ ಮಿಡಲ್‌ಟನ್ ಮರ್ರಿ, ಜೆರಾಲ್ಡ್ ಹರ್ಡ್ ಮೊದಲಾದವರು. ಹೊಗಳಿಕೆಯ ಸಂಚಿಕೆ ಅದಾಗಲಿಲ್ಲ. ಯಂತ್ರದ ವಿಚಾರದಲ್ಲಿ ಗಾಂಧಿಯವರ ನಿಲುವನ್ನು ಹಲವರು ಒಪ್ಪಲಿಲ್ಲ. ಗಾಂಧೀಜಿ ಸಂಚಿಕೆಯನ್ನು ಸ್ವಾಗತಿಸಿದರು. ಮಹಾದೇವ ದೇಸಾಯಿ 'ಹಿಂದ್ ಸ್ವರಾಜ್'ನ ಹೊಸ ಮುದ್ರಣಕ್ಕೆ ಮುನ್ನುಡಿ ಬರೆದು ಆ ಟೀಕೆಗಳಿಗೆ ಒಂದೊಂದಾಗಿ ಸಮಾಧಾನ ಹೇಳಿದರು. ಸಾಮ್ರಾಜ್ಯದ ಎದುರು ನಿಂತ ಪುಸ್ತಕವನ್ನು ಸಾಮ್ರಾಜ್ಯದ ತೌರಿನವರ ಕೈಗೇ ಕೊಟ್ಟು, ಓದಿ ಹೇಳಿ ಎಂದದ್ದು ನನಗೆ ಬಹಳ ದೊಡ್ಡ ಧೈರ್ಯವಾಗಿ ಕಾಣುತ್ತದೆ. ದೂರದವನನ್ನು ಗೌರವಿಸುವುದೆಂದರೆ ಅವನ ಆಕ್ಷೇಪಣೆಯನ್ನು ಅಚ್ಚುಹಾಕಿಸುವುದೂ ಸೇರುತ್ತದೆ.

ಇಂಥ ದಂಪತಿ ಬಸವನಗುಡಿಗೆ ಬಂದು ಗ್ರಂಥಾಲಯ, ಉಪನ್ಯಾಸ, ಚರ್ಚೆ, ಉಪನ್ಯಾಸಗಳನ್ನು ಕಿರುಹೊತ್ತಿಗೆಯಾಗಿ ಅಚ್ಚು ಹಾಕುವುದು ಎಲ್ಲವನ್ನೂ ಶುರುಮಾಡಿದರು. ವಾಡಿಯಾ 1958ರ ಆಗಸ್ಟಿನಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಅವರ ಬಳಗದವರು ಇಲ್ಲಿ ನಡೆಸಿದ ವಿದ್ಯಾರ್ಥಿನಿಲಯದ ಹೆಸರು ವಿಲಿಯಂ ಕ್ವಾನ್ ಜಡ್ಜ್ ಕಾಸ್ಮೊಪಾಲಿಟನ್ ಹೋಂ. ಇದು ಏಕೆ ಮುಖ್ಯವೆಂದರೆ, ಆ ಕಾಲಕ್ಕೆ ಬೆಂಗಳೂರಿಗೆ ಓದಲು ಬಂದ ಹುಡುಗನಿಗೆ ಹಾಸ್ಟೆಲ್ ಎಂದರೆ ಬಹುಮಟ್ಟಿಗೆ ಜಾತಿಯ ಹಾಸ್ಟೆಲ್ಲೇ. ಜಾತಿ ಸಂಘಗಳು ಶತಮಾನದ ಮೊದಲ ದಶಕದಲ್ಲೇ ತಲೆಯೆತ್ತಿದ್ದವು. ಒಕ್ಕಲಿಗರ ಸಂಘ 1906ರದು. ಹಳ್ಳಿಯ ಬಡ ಹುಡುಗರಿಗೆ ಆ ಹಾಸ್ಟೆಲುಗಳು ಅನ್ನ ಹಾಕಿದವು, ವಿದ್ಯೆ ಕೊಡಿಸಿದವು. ಅವುಗಳನ್ನು ಹಗುರವಾಗಿ ಕಾಣುವವರ ಜೊತೆ ನಾನಿಲ್ಲ. ಹಾಗಿದ್ದೂ ಎಲ್ಲ ಜಾತಿ ಮತದ ಹುಡುಗರಿಗೂ ತೆರೆದ ಬಾಗಿಲು ಬೇಕೇ ಇತ್ತು. ಕ್ಯಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪುಟ್ಟ ಗ್ರಂಥದಲ್ಲಿ ವಿಶ್ವಪೌರನ ಹಕ್ಕನ್ನು ಒಂದೇ ಒಂದು ಮಾತಿಗೆ ಇಳಿಸುತ್ತಾನೆ: ಪರನಾಡಿಗೆ ಬಂದಿಳಿದವನನ್ನು ಶತ್ರುವೆಂದು ಕಾಣಬಾರದು. ಬೆಂಗಳೂರಿನಲ್ಲಿ ಆ ಹಕ್ಕು ಮೊದಲು ಕೇಳಬೇಕಾದ ಕಡೆ ಹಾಸ್ಟೆಲ್ಲಿನ ಬಾಗಿಲು ಮತ್ತು ಊಟದ ಸಾಲು.

ಇನ್ನು ಒಂದು ಕಹಿ ಸಂಗತಿ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮರುವರ್ಷ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಆದರು. ಅದೇ 1946ರಲ್ಲಿ ಮೈಸೂರಿನ ದಿವಾನರಾಗಿ ಬಂದರು. 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ನಡೆದಾಗ ಅವರ ಆಡಳಿತ ಜನರನ್ನು ಜೈಲಿಗೆ ತಳ್ಳಿತು, ಗುಂಡು ಹಾರಿತು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅವನು ಗುಂಡೇಟು ತಿಂದ ವೃತ್ತಕ್ಕೆ ಇಂದಿಗೂ ಅವನ ಹೆಸರಿದೆ. ಜಗತ್ತಿನ ಸಮಸ್ತ ಜನರ ಹಕ್ಕಿನ ಕಾಗದಕ್ಕೆ ಸಹಿ ಹಾಕುವುದು, ತನ್ನ ಆಡಳಿತದ ಪ್ರಜೆಗೆ ಮತ ಕೊಡಲು ತಡಮಾಡುವುದು ಒಬ್ಬರೇ ವ್ಯಕ್ತಿಯಲ್ಲಿ ಒಟ್ಟಿಗಿರಬಲ್ಲವು. ಮೊದಲಿಯಾರರು ಸಮರ್ಥರು, ಮೇಧಾವಿಗಳು. ಅದಕ್ಕೇ ಈ ಉದಾಹರಣೆಯನ್ನು ನಾವು ತಳ್ಳಿಹಾಕುವಂತಿಲ್ಲ. ಪೆರಂಬೂರಿನ ವಾಡಿಯಾರನ್ನೂ ಮೈಸೂರಿನ ಮೊದಲಿಯಾರರನ್ನೂ ಅಕ್ಕಪಕ್ಕ ಇಟ್ಟು ನೋಡಿ ಎಂದು ಬಳಗದವರಿಗೆ ಹೇಳಲಿದ್ದೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ಬಸವನಗುಡಿಯ ಅರ್ಧ ಕಥೆಯನ್ನಷ್ಟೇ ಹೇಳಿದಂತೆ.

ಬಸವನಗುಡಿ, ಮಲ್ಲೇಶ್ವರ ಎರಡೂ 1890ರ ದಶಕದಲ್ಲಿ ರೂಪುಗೊಂಡ ಬಡಾವಣೆಗಳು. 1898ರ ಪ್ಲೇಗಿನಲ್ಲಿ ಪೇಟೆಯ ಜನ ಇಕ್ಕಟ್ಟು ಬಿಟ್ಟು ಹೊರಬಂದಾಗ ಅವು ಬೇಗ ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಮನೆಯ ಮುಂದೆ ಹೂಗಿಡ. ಹಂಚಿಕೆ ಮಾಡುವಾಗ ಜಾತಿ ಜಾತಿಗೆ ಬೇರೆ ಬೇರೆ ಭಾಗ. ಸಾಲುಮನೆಗಳ ಬೆನ್ನಿಗೆ ಇನ್ನೊಂದು ಕಿರಿದಾದ ದಾರಿಯನ್ನೂ ಬಿಟ್ಟರು. ಕನ್ಸರ್ವೆನ್ಸಿ ಎಂದು ಹಳಬರು ಈಗಲೂ ಕರೆಯುತ್ತಾರೆ. ಕಕ್ಕಸು ಬಳಿಯಲು ಬರುವವರು ಮುಂದಿನ ರಸ್ತೆಯಲ್ಲಿ ಕಾಣಿಸದಂತೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಆ ಓಣಿ.

ನಮ್ಮ ದೊಡ್ಡಮ್ಮನ ಮನೆ ಅಂಥದ್ದೊಂದು ಸಾಲಿನಲ್ಲಿತ್ತು. ಹಿತ್ತಲ ಗೋಡೆಯಲ್ಲಿ, ನನ್ನ ಆಗಿನ ಮೊಣಕಾಲೆತ್ತರಕ್ಕೆ, ತಗಡಿನ ಒಂದು ಪುಟ್ಟ ಬಾಗಿಲು. ತುಕ್ಕು ಹಿಡಿದ ತಿರುಗಣೆ, ಕೆಳಗೆ ಸುಣ್ಣ ಬಳಿದ ಕಲ್ಲು. ಬೆಳಗಿನ ಜಾವ ಹೊರಗಿನಿಂದ ಆ ಬಾಗಿಲು ತೆರೆದು ಬಕೆಟ್ ಎಳೆದುಕೊಳ್ಳುವ ಸದ್ದು ಒಳಗೆ ಮಲಗಿದ್ದ ನಮಗೆ ಕೇಳುತ್ತಿತ್ತು. ಸದ್ದಷ್ಟೇ. ಬಂದವರ ಮುಖ ನಾನು ನೋಡಿದ್ದು ಹಬ್ಬದ ಮರುದಿನ ಮಾತ್ರ. ಮಿಕ್ಕ ಅಡಿಗೆಯನ್ನು ಎಲೆಯಲ್ಲಿ ಸುತ್ತಿ ದೊಡ್ಡಮ್ಮ ಹಿತ್ತಲ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ ಮೇಲೆ ಆಕೆ ಬಂದು ಎತ್ತಿಕೊಳ್ಳುತ್ತಿದ್ದಳು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅದೇ ಮನೆಯ ಜಗಲಿಯಲ್ಲಿ ದೊಡ್ಡಪ್ಪ ಮತ್ತು ಅವರ ಗೆಳೆಯರು ಸಂಜೆ ಉಪನ್ಯಾಸ ಕೇಳಿ ಬಂದು ಮಾನವಕುಲದ ಏಕತೆಯ ಮಾತಾಡುತ್ತಿದ್ದರು. ಅವರು ಕಪಟಿಗಳಾಗಿರಲಿಲ್ಲ. ಮನಸಾರೆ ಮಾತಾಡುತ್ತಿದ್ದರು. ಆದರೂ ಮಾತು ಜಗಲಿಯಿಂದ ಹೊರಟು ಜಿನೀವಾ, ನ್ಯೂಯಾರ್ಕ್ ಸುತ್ತಿ ಬರುತ್ತಿತ್ತು, ಹಿತ್ತಲಿಗೆ ಹೋಗುತ್ತಿರಲಿಲ್ಲ.

ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದು, ಗಲಭೆಯೆದ್ದು ಅವರು ಮಂತ್ರಿಗಿರಿ ಬಿಟ್ಟದ್ದು ಎಲ್ಲರಿಗೂ ನೆನಪಿದೆ. ಮಲದ ಬುಟ್ಟಿ ಇಳಿಸಿದ್ದು ಅಷ್ಟು ಜನರಿಗೆ ನೆನಪಿಲ್ಲ. ಬೆಂಗಳೂರಿನಲ್ಲಿ ವಿಶ್ವಪೌರತ್ವದ ಚರಿತ್ರೆ ಯಾರಾದರೂ ಬರೆದರೆ ಉಪನ್ಯಾಸ ಮಾಲೆಗಳಿಗಿಂತ ಮೊದಲು ಈ ಆದೇಶಕ್ಕೆ ಒಂದು ಅಧ್ಯಾಯ ಸಲ್ಲಬೇಕು ಎಂದು ನನ್ನ ತೀರ್ಮಾನ.

ಓದುವ ಕೂಟಗಳಿಗೆ ಇನ್ನೊಂದು ಗೋಡೆ ಭಾಷೆಯದು. ಆ ಕಾಲದ ದೊಡ್ಡ ಸಭೆಗಳಲ್ಲಿ ಲೋಕದ ವಿಚಾರವೆಂದರೆ ಇಂಗ್ಲಿಷಿನಲ್ಲೇ ಆಗಬೇಕು ಎಂಬ ರೂಢಿಯಿತ್ತು. ನನ್ನ ತಾಯಿ ಮಾಸ್ತಿ, ತ್ರಿವೇಣಿ ಎಲ್ಲ ಓದಿದವರು, ವಾದಕ್ಕೆ ನಿಂತರೆ ಯಾರಿಗೂ ಸೋಲದವರು. ಅಂಥವರು ಇಂಥ ಸಭೆಗಳ ಕಡೆ ಮುಖ ಹಾಕಲಿಲ್ಲ. ಈ ಗೋಡೆಯನ್ನು ಕೆಡವಿ ತೋರಿಸಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಹುಟ್ಟಿದ ನೀನಾಸಂ, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ, 1973ರಲ್ಲಿ ಶುರುವಾದ ಚಿತ್ರಸಮಾಜ, ಮುಂದೆ ವರ್ಷ ವರ್ಷ ನಡೆದು ಬಂದ ಸಂಸ್ಕೃತಿ ಶಿಬಿರ. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಕುರೊಸಾವಾನ ಚಿತ್ರ ನೋಡಿ ಕನ್ನಡದಲ್ಲಿ ಜಗಳವಾಡಿದರು. ಅನಂತಮೂರ್ತಿ, ಕುರ್ತಕೋಟಿ ಅಂಥವರು ಅವರ ಪ್ರಶ್ನೆಗಳಿಗೆ ಎದುರಾದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು. ಹೆಗ್ಗೋಡಿನಲ್ಲಿ ನಿಂತೇ ಲೋಕ ನೋಡಬಹುದು, ಅದಕ್ಕೆ ಇನ್ನೊಬ್ಬರ ನುಡಿಯನ್ನು ಎರವಲು ಪಡೆಯಬೇಕಿಲ್ಲ ಎಂದು ಅವರು ಬದುಕಿ ತೋರಿಸಿದರು.

ಇದಕ್ಕೂ ಬಹಳ ಹಿಂದೆ, ಹನ್ನೆರಡನೆಯ ಶತಮಾನದ ಕಲ್ಯಾಣ. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದನೆಂದೂ ರಾಜ್ಯ ತೊರೆದು ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರಿ ಬದುಕಿದನೆಂದೂ ಶರಣ ಪರಂಪರೆ ಹೇಳುತ್ತದೆ. ಹೊರಗಿನಿಂದ ಬಂದವನು ಗೋಷ್ಠಿಯಲ್ಲಿ ಕೂರುವ ಮೊದಲು ಒಂದು ಕಾಯಕ ಹಿಡಿಯಬೇಕು. ಕಾಯಕ ಹಿಡಿದವನು ಯಾವ ನಾಡಿನವನಾದರೂ, ಯಾವ ಕುಲದವನಾದರೂ ಗೋಷ್ಠಿಯಲ್ಲಿ ಸಮಾನ. ಈ ಕಟ್ಟಳೆಯನ್ನು ನಾನು ಕ್ಯಾಂಟನ ಕಟ್ಟಳೆಗಿಂತ ಒಂದು ಕೈ ಮೇಲೆಂದು ಎಣಿಸುತ್ತೇನೆ. ಕ್ಯಾಂಟ್ ಬಂದವನಿಗೆ ಬಾಗಿಲು ತೆರೆಯಿಸುತ್ತಾನೆ. ಕಲ್ಯಾಣ ಅವನ ಕೈಗೆ ಕೆಲಸವನ್ನೂ ಬಾಯಿಗೆ ಮಾತನ್ನೂ ಕೊಡುತ್ತದೆ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಗೋಷ್ಠಿಯನ್ನು ಹೀಗೆ ಹೊಂದಿಸಿದ್ದೇನೆ. ಓದಿಗೆ ನಾಲ್ಕು ಪಠ್ಯ. ವಿಶ್ವಪೌರನ ಹಕ್ಕನ್ನು ಕುರಿತ ಕ್ಯಾಂಟನ ಅಧ್ಯಾಯ. ರವೀಂದ್ರರ 1916ರ ಕಾದಂಬರಿ 'ಘರೇ ಬಾಯಿರೆ'ಯಿಂದ, ವಿದೇಶಿ ಬಟ್ಟೆ ಸುಡುವ ಚಳವಳಿಯಲ್ಲಿ ಬಡ ವ್ಯಾಪಾರಿಗಳು ನವೆಯುವುದನ್ನು ಕಂಡು ಜಮೀನ್ದಾರ ನಿಖಿಲ್ ತಲೆಬಾಗದೆ ನಿಲ್ಲುವ ಭಾಗ; ಅಮೆರಿಕದ ಮಾರ್ತಾ ನುಸ್‌ಬಾಮ್ 1994ರಲ್ಲಿ ದೇಶಪ್ರೇಮ ಮತ್ತು ವಿಶ್ವಪೌರತ್ವದ ಬಗ್ಗೆ ಬರೆದ ಪ್ರಬಂಧ ಶುರುವಾಗುವುದೂ ಇದೇ ಕಾದಂಬರಿಯಿಂದ. ಮೂರನೆಯದು ಅಂಬೇಡ್ಕರರ 'ಜಾತಿ ವಿನಾಶ'. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಕರೆದು, ಭಾಷಣ ಓದಿ ನೋಡಿ, ಸಭೆಯನ್ನೇ ರದ್ದು ಮಾಡಿದಾಗ ಅವರು 1936ರಲ್ಲಿ ಸ್ವಂತವಾಗಿ ಅಚ್ಚು ಹಾಕಿಸಿದ ಪುಸ್ತಕ. ಜಾತಿಯಿರುವ ಕಡೆ ಮನುಷ್ಯನ ಹೊಣೆ ತನ್ನ ಜಾತಿಯ ಎಲ್ಲೆಗೇ ಮುಗಿದುಹೋಗುತ್ತದೆ ಎಂಬ ಅವರ ವಾದವನ್ನು ಎದುರಿಸದೆ ನಮ್ಮಲ್ಲಿ ಈ ಚರ್ಚೆ ಮುಂದೆ ಹೋಗಲಾರದು. ನಾಲ್ಕನೆಯದು ಸುಬ್ಬಣ್ಣನವರ ಒಂದು ಲೇಖನ. ಎಲ್ಲವೂ ಕನ್ನಡದಲ್ಲಿ; ಕನ್ನಡದಲ್ಲಿ ಸಿಗದ ಪುಟಗಳನ್ನು ಬಳಗದ ಇಬ್ಬರು ಅನುವಾದಿಸುತ್ತಿದ್ದಾರೆ.

ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ಕೆಲಸ ಮಾಡುವ ಒಡಿಶಾದ ಹುಡುಗನೊಬ್ಬ ಬರುತ್ತೇನೆ ಎಂದಿದ್ದಾನೆ. ಅವನು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಲು, ನಮ್ಮದನ್ನು ಅವನಿಗೆ ಹೇಳಲು ಒಬ್ಬರು ಪಕ್ಕದಲ್ಲಿ ಕೂರುತ್ತಾರೆ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಕರೆದಿದ್ದೇನೆ. ಬೆಳಕು ಹರಿಯುವ ಹೊತ್ತಿಗೇ ಪೊರಕೆ ಹಿಡಿಯುವವರಿಗೆ ಭಾನುವಾರದ ಬೆಳಗಿನ ಗೋಷ್ಠಿ ಆಗದ ಮಾತು. ಆದ್ದರಿಂದ ಹೊತ್ತನ್ನು ಮಧ್ಯಾಹ್ನ ಮೂರಕ್ಕೆ ಬದಲಾಯಿಸಿದ್ದೇವೆ. ಕೆಲವು ಹಿರಿಯರಿಗೆ ನಿದ್ದೆಯ ಹೊತ್ತು ತಪ್ಪುತ್ತದೆ, ತಪ್ಪಲಿ. ಓದಲು ಬಾರದವರಿದ್ದರೆ ಪಠ್ಯವನ್ನು ಗಟ್ಟಿಯಾಗಿ ಓದುತ್ತೇವೆ. ಮೊದಲ ಪ್ರಶ್ನೆ ಅವರೇ ಕೇಳಲಿ.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ಕರ್ನಾಟಕದ ಊರೂರಲ್ಲಿ ಇಂಥ ಓದುವ ಕೂಟಗಳಿದ್ದವು. ಅವುಗಳ ಆಹ್ವಾನದ ಅಂಚೆ ಕಾರ್ಡು, ಹಾಜರಿ ಪುಸ್ತಕ, ನಡಾವಳಿ, ಉಪನ್ಯಾಸ ಕೇಳುತ್ತ ಗೀಚಿಕೊಂಡ ಟಿಪ್ಪಣಿ, ಗುಂಪಿನ ಫೋಟೊ ಹಲವು ಮನೆಗಳ ಅಟ್ಟದ ಮೇಲೆ ಬಿದ್ದಿವೆ. ಯಾರು ಬಂದಿದ್ದರು, ಯಾರು ಯಾವ ಸಾಲಿನಲ್ಲಿ ಕೂತಿದ್ದರು, ಯಾರ ಹೆಸರು ಯಾವತ್ತೂ ಹಾಜರಿಯಲ್ಲಿ ಬರಲೇ ಇಲ್ಲ ಎಂಬುದನ್ನು ತಿಳಿಯಲು ಇತಿಹಾಸ ಬರೆಯುವವರಿಗೆ ಆ ಕಾಗದಗಳೇ ಆಧಾರ. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ನಿಮ್ಮ ಊರಿನ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡಿ. ಕೊಡುವಾಗ ಫೋಟೊದ ಹಿಂದೆ ಊರು, ವರ್ಷ, ಗೊತ್ತಿರುವವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದು ಕೊಡಿ.